ತೊಂಬತ್ತೊಂಬತ್ತು

ಶಿಡ್ಲಘಟ್ಟದಲ್ಲಿ ನಿಶ್ಶಬ್ದ ಬೇಕೆಂದರೆ
ರಾತ್ರಿ ಹನ್ನೊಂದಾಗಬೇಕು.
ಆಗ ಪಕ್ಕದ ಫಿಲೇಚರಿನ ಚರಕಗಳು ನಿಂತಿರುತ್ತವೆ,
ಬಾಯ್ಲರು ಕೊನೆಯ ಸಲ ಕೆಮ್ಮಿ ಮಲಗಿರುತ್ತದೆ,
ಬೀದಿಯಲ್ಲಿ ಬೆಂದ ಗೂಡಿನ ವಾಸನೆಯೊಂದೇ ಎಚ್ಚರ.
ಬಾಗಿಲಿಗೆ ಎರಡು ಕೌದಿ ಇಳಿಬಿಟ್ಟು
ಕಿಟಕಿಗೆ ಹಾಸಿಗೆ ಒರಗಿಸಿ
ಹತ್ತನೇ ತರಗತಿಯ ಸಮಾಜ ವಿಜ್ಞಾನ ತೆರೆಯುತ್ತೇನೆ.
ಮೈಕಿಗೆ ಮಗನ ಹಳೇ ಕಾಲುಚೀಲದ ಟೋಪಿ.

ಕಣ್ಣು ಕಾಣದ ಒಂಬತ್ತು ಮಕ್ಕಳು
ನನ್ನ ಗಂಟಲನ್ನು ನಂಬಿ ಪರೀಕ್ಷೆಗೆ ಕೂರಬೇಕು.

ಮೊದಲ ಪಾಠ ಕಳಿಸಿದ ಮರುದಿನ
ಚಿಂತಾಮಣಿಯಿಂದ ಮುನಿರತ್ನಳ ಫೋನು:
"ಮಿಸ್, ಪಾಠ ಚೆನ್ನಾಗೈತೆ.
ನೀವು ಓದೋವಾಗ ಹಿಂದೆ ರಾಗಿ ಬೀಸ್ತಾ ಇದ್ರಲ್ಲ, ಯಾರದು?
ಜೋರಾಗಿ ಬೀಸ್ತಾರೆ, ಸುಸ್ತಾಗಿ ನಿಲ್ಲಿಸ್ತಾರೆ, ತಿರುಗಾ ಶುರು.
ಪಾಪ, ಅವರ್ಗೂ ಒಂದು ಲೋಟ ನೀರು ಕೊಡಿ."

ಯಾರೂ ಇರಲಿಲ್ಲ. ಲ್ಯಾಪ್‌ಟಾಪಿನ ಫ್ಯಾನು.

ಬಸ್ ಸ್ಟ್ಯಾಂಡಿನ ಅಫ್ಸರ್ ಪಾಷ ಅದರ ಹೊಟ್ಟೆ ಬಿಚ್ಚಿದ.
ರೆಕ್ಕೆಗಳ ಸುತ್ತ ರೇಷ್ಮೆಯ ನಾರು.
"ಇಲ್ಲೊಂದು ಹುಳ ಮನೆ ಕಟ್ಕೊಂಡಿದೆ ನೋಡಿ ಶಾಹಿದಾ ಮೇಡಂ,"
ಚಿಮಟದಲ್ಲಿ ಎತ್ತಿ ತೋರಿಸಿದ.
ಎಲೆಗೆ ಸುಣ್ಣ ಸವರಿದ ಹಾಗೆ ಹೊಸ ಪೇಸ್ಟು ಸವರಿ
ಮುನ್ನೂರು ತಗೊಂಡ.
ಆ ರಾತ್ರಿಯೂ ರಾಗಿ ಬೀಸಿತು.

ಎರಡನೇ ಸಲ ಅವನು ಸ್ಕ್ರೂಡ್ರೈವರ್ ಮುಟ್ಟಲಿಲ್ಲ.
"ಗಾಳಿ ದೋಷ ಅಲ್ಲ ಮೇಡಂ, ಅವಸರದ ದೋಷ.
ಒಂದು ಕ್ಲಿಕ್ ಆದ್ರೂ ಸಾಕು
ಪ್ರೊಸೆಸರು ಮೈಮೇಲೆ ಬಂದ ಹಾಗೆ ಎದ್ದು ಓಡುತ್ತೆ,
ನೊಣ ಓಡಿಸೋಕೆ ರೋಣಗಲ್ಲು ಎತ್ತುತ್ತೆ.
ಓಡಿ ಓಡಿ ಕಾಯುತ್ತೆ.
ಕಾಯುತ್ತೆ ಅಂದ್ರೆ ಸುಡುತ್ತೆ,
ನಮ್ಮ ಥರ ಬಸ್ಸು ಕಾಯೋದು ಅದಕ್ಕೆ ಬರಲ್ಲ."
ಸೆಟ್ಟಿಂಗಿನ ಏಳು ಬಾಗಿಲು ದಾಟಿ
ಒಂದು ಸಣ್ಣ ಚೌಕದ ಮುಂದೆ ನಿಂತ.
ಗರಿಷ್ಠ: ನೂರು.
"ಒಂದೇ ಒಂದು ಕಳೀರಿ."

ತೊಂಬತ್ತೊಂಬತ್ತು.
ಅತ್ತೆಯ ತಸಬಿಯ ಮಣಿಗಳಷ್ಟು.
ಆ ಒಂದರಲ್ಲೇ ಇತ್ತಂತೆ ಟರ್ಬೊ ಎಂಬ ದೆವ್ವ.

ಫ್ಯಾನು ಎರಡು ಸುತ್ತು ಗೊಣಗಿ
ಸುಮ್ಮನಾಯಿತು.

ಊಟದ ಹೊತ್ತಿಗೆ ಹೇಳಿದೆ: ಒಂದು ಕಡಿಮೆ ಮಾಡಿದೆ, ಅಷ್ಟೇ.
ಮಾವ ತಲೆ ಎತ್ತಲಿಲ್ಲ.
"ಮತ್ತೆ? ಕುದಿನೀರಲ್ಲೇ ಬಿಟ್ರೆ
ಗೂಡು ಮುದ್ದೆಯಾಗುತ್ತೆ, ಎಳೆ ಎಲ್ಲಿ ಬರುತ್ತೆ?"
ನಲವತ್ತು ವರ್ಷ ಬಿಸಿನೀರಲ್ಲಿ ನೆನೆದು
ರೇಖೆ ಅಳಿಸಿಹೋದ ಬೆರಳುಗಳಿಂದ
ಮುದ್ದೆ ಮುರಿಯುತ್ತಿದ್ದರು.
ನಾನು ಕಂಪ್ಯೂಟರಿನ ಮಾತಾಡುತ್ತಿದ್ದೇನೆಂದು
ಅವರಿಗೆ ಗೊತ್ತಿರಲಿಲ್ಲ. ನಾನೂ ತಿದ್ದಲಿಲ್ಲ.

ಸುಖಕ್ಕೆಲ್ಲ ಒಂದು ಸುಂಕ.
ಆರು ನಿಮಿಷಕ್ಕೆ ಸೇವ್ ಆಗುತ್ತಿದ್ದ ಪಾಠ
ಈಗ ಒಂಬತ್ತು ತೆಗೆದುಕೊಳ್ಳುತ್ತದೆ.
ಹಸಿರು ಪಟ್ಟಿ ಬಸವನಹುಳುವಿನಂತೆ ತೆವಳುವುದನ್ನು
ಕತ್ತಲಲ್ಲಿ ನೋಡುತ್ತ ಕೂರುತ್ತೇನೆ.
ಅದು ಕಾಯುವುದಿಲ್ಲ. ನಾನು ಕಾಯುತ್ತೇನೆ.

ಮುನಿರತ್ನ ಮತ್ತೆ ಫೋನು ಮಾಡಿದಳು:
"ಬೀಸೋರು ಕೆಲಸ ಬಿಟ್ರಾ ಮಿಸ್?"
ಬಿಟ್ಟರು ಎಂದೆ.
"ಈಗ ಎಲ್ಲಾ ಕೇಳಿಸ್ತದೆ.
ಹಾಳೆ ತಿರುಗಿಸೋ ಮುಂಚೆ ನೀವು ಬೆರಳಿಗೆ ಎಂಜಲು ಹಚ್ಕೊಳ್ಳೋದು,
'ಸಾಮ್ರಾಜ್ಯ' ಅನ್ನೋಕೆ ಮುಂಚೆ ಉಸಿರು ಎಳ್ಕೊಳ್ಳೋದು,
ಎಂಟನೇ ಪಾಠದಲ್ಲಿ ನಿಮ್ಮ ಹೊಟ್ಟೆ ಗುರ್ ಅಂದಿದ್ದು.
ಊಟ ಮಾಡಿ ಓದಿ ಮಿಸ್."

ಇಷ್ಟು ದಿನ ಆ ಬೀಸುವ ಕಲ್ಲಿನ ಹಿಂದೆ
ಎಷ್ಟೆಲ್ಲ ಅಡಗಿಸಿಟ್ಟಿದ್ದೆ!

ಏಪ್ರಿಲ್ಲಿನಲ್ಲಿ ಈ ಊರಿಗೆ ತೊಂಬತ್ತೊಂಬತ್ತೂ ಹೆಚ್ಚು.
ತಾರಸಿ ನಡುರಾತ್ರಿಯವರೆಗೂ ಹಗಲನ್ನು ಉಗುಳುತ್ತಿರುತ್ತದೆ.
ವಾಕ್ಯದ ನಡುವೆ ಫ್ಯಾನು ಮೆಲ್ಲಗೆ ಏಳುತ್ತದೆ.
ಪುಸ್ತಕದಲ್ಲಿ ಬೆರಳಿಟ್ಟು ಮುಚ್ಚುತ್ತೇನೆ,
ಇನ್ನೊಂದು ಕೈ ಅದರ ಬಿಸಿ ಬೆನ್ನ ಮೇಲೆ.
ಜ್ವರದ ಮಗುವಿಗೆ ಹೇಳುವ ಹಾಗೆ
ಏನೂ ಹೇಳುವುದಿಲ್ಲ.
ಇಬ್ಬರೂ ಕಾಯುತ್ತೇವೆ.