ಮೂರನೇ ಕರಡು

ಮಂಡಿ ಮೊಹಲ್ಲಾದ ಪ್ರೆಸ್ಸಿನಲ್ಲಿ ನಾನು
ಮೂವತ್ತೊಂದು ವರ್ಷದಿಂದ ಕರಡು ತಿದ್ದುವವನು.
ಅಲ್ಪಪ್ರಾಣಕ್ಕೆ ಮಹಾಪ್ರಾಣ, ಬಿಟ್ಟಲ್ಲಿ ಒತ್ತು,
ಲಗ್ನಪತ್ರಿಕೆಯಲ್ಲಿ ಹುಡುಗಿಯ ಅಪ್ಪನಿಗೆ
ತಪ್ಪಿಹೋದ ಇನಿಷಿಯಲ್ಲು.
ಇಷ್ಟೇ ನನ್ನ ನ್ಯಾಯಸ್ಥಾನ.

ಕಯ್ತಾನ ಬಂದದ್ದು ಆಫ್‌ಸೆಟ್ ಮಷೀನಿನ ಜೊತೆ,
ಹುಬ್ಬಳ್ಳಿಯಿಂದ, ಅದೇ ಲಾರಿಯಲ್ಲಿ.
ಯಲ್ಲಾಪುರದ ಕಾಡಂಚಿನ ಸಿದ್ದಿ ಹುಡುಗ.
ಮಷೀನು ಕೆಮ್ಮಿದರೆ ಯಾವ ರೋಲರ್ ಎಂದು
ಆಚೆ ಬೀದಿಯಿಂದಲೇ ಹೇಳುತ್ತಿದ್ದ.
ಆಯುಧಪೂಜೆಗೆ ಮಷೀನಿಗೆ ಸೇವಂತಿಗೆ ಹಾರ,
ಇವನಿಗೆ ಉಳಿದವರಿಗಿಂತ ದಿನಕ್ಕೆ ನೂರೈವತ್ತು ಕಮ್ಮಿ.
"ಮಲಗೋಕೆ ಜಾಗ ಕೊಟ್ಟಿಲ್ವಾ?" ಅಂದರು ಸಾಹುಕಾರರು.

ಜಾಗ ಅಂದರೆ ಕಟಿಂಗ್ ರೂಮಿನ ಮೂಲೆ,
ಕಾಗದದ ಚೂರಿನ ಮೇಲೊಂದು ಚಾಪೆ.
ಕ್ಯಾತಮಾರನಹಳ್ಳಿಯಲ್ಲಿ ರೂಮು ಕೇಳಿದ್ದನಂತೆ.
"ಫಾರಿನ್‌ನೋರಿಗೆ ಕೊಡಲ್ಲ" ಅಂದರಂತೆ ಮನೆಯೊಡತಿ.
"ನಾನು ಯಲ್ಲಾಪುರದವ, ಅಮ್ಮಾ."
"ಅಯ್ಯೋ, ಎಷ್ಟ್ ಚೆನ್ನಾಗಿ ಕನ್ನಡ ಕಲ್ತಿದ್ದೀಯಪ್ಪ!"
ಮೆಚ್ಚಿಕೊಂಡು ಬಾಗಿಲು ಹಾಕಿದರಂತೆ.
ನಗುತ್ತಲೇ ಹೇಳಿದ. ನಾವೂ ನಕ್ಕೆವು.
ಅವನು ನಿಲ್ಲಿಸಿದ ಮೇಲೂ ನಗುತ್ತಿದ್ದೆವು.

ಬೈಂಡಿಂಗ್ ಹುಡುಗರಿಗೆ ಅವನು ಕರಿಯ.
ನನ್ನ ತಾತನೂ ಕರೀಗೌಡ, ಪಾಂಡವಪುರದ ಕಡೆ.
ಅವರು ಬಂದರೆ ಜಗಲಿ ಎದ್ದು ನಿಲ್ಲುತ್ತಿತ್ತು.
ಕೊನೆಯ ಎರಡಕ್ಷರ ಕಳಚಿ ನೋಡಿ,
ಅದೇ ಹೆಸರು
ಚಪ್ಪಲಿ ಬಿಡುವಲ್ಲಿ ಕೂರುತ್ತದೆ.

ಆ ಆಷಾಢ, ಮದುವೆ ಕೆಲಸ ಇಲ್ಲದ ತಿಂಗಳು,
ಸರಸ್ವತಿಪುರಂನ ನಿವೃತ್ತ ಮೇಷ್ಟ್ರು ಒಂದು ಅನುವಾದ ತಂದರು.
ಕಡಲಾಚೆಯ ಹತ್ತಿಗಿರಣಿ, ಅಲ್ಲೊಬ್ಬ ಕರಿಯ ಕೂಲಿ,
ಅವನ ಬೆನ್ನಿನ ಕಥೆ.
"ಎಂಥಾ ಕ್ರೌರ್ಯ ನೋಡ್ರೀ ಅಲ್ಲಿ!" ಅಂದರು,
ಅಲ್ಲಿ ಎಂಬುದನ್ನು ಒತ್ತಿ.
ಕಥೆಯೇನೋ ಒಳ್ಳೆಯದು. ನನ್ನ ಕಣ್ಣೂ ಮಂಜಾಯಿತು.
ಆದರೂ ಎಣಿಸಿದೆ, ಕಸುಬಿನ ಚಾಳಿ:
ನೂರ ಹದಿನಾಲ್ಕು ಸಲ 'ಕರಿಯ'.
ಮೇಸ್ತ್ರಿಗೆ ಹೆಸರಿತ್ತು. ಮೇಸ್ತ್ರಿಯ ನಾಯಿಗೂ ಇತ್ತು.
ಒದ್ದೆ ಹಾಳೆ ಹಿಡಿದು ಕಯ್ತಾನ ಕೇಳಿದ,
"ಇವನಿಗೆ ಯಾರೂ ಹೆಸರಿಡ್ಲಿಲ್ವಾ ಸಾರ್?"

ಮುಖಪುಟಕ್ಕೊಂದು ಮುಖ ಬೇಕಿತ್ತು.
ಮೇಷ್ಟ್ರ ಕಣ್ಣು ಮಷೀನಿನ ಹಿಂದಕ್ಕೆ ಹೋಯಿತು.
ಅಂಗಿ ಬಿಚ್ಚಿಸಿದರು, ಅಂಗಳದ ಬೆಳಕಿಗೆ ತಿರುಗಿಸಿದರು,
ವೇಸ್ಟ್ ಪೇಪರಿನ ಮೂಟೆ ಹೆಗಲಿಗೇರಿಸಿದರು.
"ನಗಬೇಡ ಮಾರಾಯ. ನೋವು, ನೋವು ಕೊಡು."
ಅವನಿಗೆ ನಗು ತಡೆಯಲಿಲ್ಲ.
ಹನ್ನೊಂದನೇ ಸಲಕ್ಕೆ ಭುಜ ಸೋತು
ಬೇಕಾದ್ದು ಸಿಕ್ಕಿತು.

ರಾತ್ರಿಯೆಲ್ಲ ಅವನೇ ಅವನನ್ನು ಅಚ್ಚು ಹಾಕಿದ.
ಸಾವಿರ ಪ್ರತಿ. ಕಪ್ಪು ಹೆಚ್ಚಾಯಿತೇ ಎಂದು
ಭೂತಗನ್ನಡಿ ಇಟ್ಟು ತನ್ನ ಕೆನ್ನೆ ನೋಡಿಕೊಂಡ,
ಸ್ಕ್ರೂ ಕಾಲು ಸುತ್ತು ತಿರುಗಿಸಿದ.
ಓಟಿ ಬರೆಯಲಿಲ್ಲ ಸಾಹುಕಾರರು. ಮೇಷ್ಟ್ರ ಕೆಲಸ, ಸೇವೆ.

ಒಳಪುಟದ ಮೂರನೇ ಕರಡಿನಲ್ಲಿ
ನಾನೊಂದು ಸಾಲು ಸೇರಿಸಿದ್ದೆ, ಎಂಟು ಪಾಯಿಂಟಿನಲ್ಲಿ:
ಮುಖಪುಟದಲ್ಲಿ, ಕಯ್ತಾನ ಸಿದ್ದಿ.
ಮೇಷ್ಟ್ರು ಹಸಿರು ಶಾಯಿಯಲ್ಲಿ ಹೊಡೆದುಹಾಕಿದರು.
"ಹೆಸರು ಹಾಕಿದರೆ ಸಾರ್ವತ್ರಿಕತೆ ಹೋಗುತ್ತೆ."
ವಿನ್ಯಾಸ ಮಾಡಿದವರ ಹೆಸರಿತ್ತು, ಮುದ್ರಣಾಲಯದ್ದಿತ್ತು,
ಕೊನೆಯಲ್ಲಿ, ಕರಡು ತಿದ್ದಿದವರು ಎಂದು, ನನ್ನದೂ.
ಅದನ್ನು ಹೊಡೆದುಹಾಕಿ ಎಂದು
ನಾನು ಹೇಳಲಿಲ್ಲ.

ಒಂದು ಪ್ರತಿ ಊರಿಗೆ ಒಯ್ದ.
ಶನಿವಾರದ ಬಟವಾಡೆಯಲ್ಲಿ ಎಂಬತ್ತು ರೂಪಾಯಿ ಮುರಿದರು,
ರಿಯಾಯಿತಿ ಕಳೆದು.
ತಿರುಗಿ ಬಂದವನನ್ನು ಕೇಳಿದೆ, ಆಯಿ ಏನಂದರು?
ಮಷೀನಿಗೆ ಎಣ್ಣೆ ಬಿಡುತ್ತಿದ್ದ. ಶ್ರಾವಣ ಹುಟ್ಟಿತ್ತು,
ಲಗ್ನಪತ್ರಿಕೆಗಳ ರಾಶಿ.
"ಓದೋಕೆ ಬರಲ್ಲ ಅವಳಿಗೆ.
ಚಿತ್ರದ ಮೇಲೆ ಕೈಯಾಡಿಸಿದಳು.
ಅಂಗಿ ಎಲ್ಲಿ ಹೋಯ್ತೋ, ಕೇಳಿದಳು,
ಅಷ್ಟೇ."