ತಾಜಾ ಎಂಬ ಚೀಟಿ

ಜುಲೈ ಮೂವತ್ತೊಂದು. ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ
ಎರಡು ತಿಂಗಳು ಮಲಗಿದ್ದ ಕಂಪ್ರೆಸರ್ ಕೆಮ್ಮಿ ಎದ್ದಿದೆ.
ನಾನು ಇಲ್ಲಿ ಲೆಕ್ಕ ಬರೆಯುವವಳು. ಹಗಲು ಐಸಿನ ಲೆಕ್ಕ,
ರಾತ್ರಿ, ಯಾರೂ ಸಂಬಳ ಕೊಡದ ನೀರಿನ ಲೆಕ್ಕ:
ಭರತಿ ಇಳಿತ ಹೇಳುವ ಪುಟ್ಟ ಸಾಫ್ಟ್‌ವೇರು.
ಯಾರು ಬೇಕಾದರೂ ಒಯ್ಯಬಹುದು, ತಿದ್ದಬಹುದು, ಬೈಯಬಹುದು.
ಬೈಯುವವರೇ ಹೆಚ್ಚು.

ಕಂಟೇನರ್ ಇಮೇಜ್ ಅಂದರೇನೆಂದು ಸುಲಕ್ಷಾ ಮಾವಶಿ ಕೇಳಿದ್ದಳು,
ನಲವತ್ತು ವರ್ಷ ತಲೆಯ ಮೇಲೆ ಮೀನು ಹೊತ್ತವಳು.
ಅವಳ ಥರ್ಮೊಕೋಲ್ ಪೆಟ್ಟಿಗೆಯನ್ನೇ ತೋರಿಸಿದೆ:
ಅಡಿಗೆ ಐಸು, ಮೇಲೆ ಬಾಂಗಡೆ, ಮತ್ತೆ ಐಸು, ಮತ್ತೆ ನೋಗ್ಲಿ,
ಪದರದ ಮೇಲೆ ಪದರ. ಮುಚ್ಚಳ. ದಾರ.
ಅಂಕೋಲೆಯಲ್ಲಿ ಬಿಚ್ಚಲಿ, ಹುಬ್ಬಳ್ಳಿಯಲ್ಲಿ ಬಿಚ್ಚಲಿ,
ಕಟ್ಟಿದ ಹಾಗೇ ಇರಬೇಕು ಒಳಗಿನದು.
"ಮತ್ತೆ ವಾಸನೆ?"
ಪದರ ಪದರ ಮೂಸಿ ಕೊಳೆತದ್ದು ಹೇಳುವ ಯಂತ್ರ ಇದೆ, ಮಾವಶಿ.
"ಮೂಗಿಲ್ಲದವರಿಗೆ," ಅಂದು ಎಲೆಗೆ ಸುಣ್ಣ ಸವರಿದಳು.

ನಾಳೆ ಬೋಟುಗಳು ಇಳಿಯುತ್ತವೆ. ಅದಕ್ಕೆ ಮೊದಲು
ಎರಡು ಬಿಂದು ನಾಲ್ಕು ಹೊರಬೀಳಬೇಕು.
ಕಟ್ಟಿದೆ. ಮೂಸಿ ನೋಡಿಸಿದೆ. ಸಹಿ ಒತ್ತಿದೆ.
ಗಾಳಿಗೆ ಟವರು ತೂಗುವಾಗ ಏಡಿಯಂತೆ ತೆವಳಿತು ಗೆರೆ,
ತೊಂಬತ್ತೆಂಟರಲ್ಲಿ ನಿಂತು, ಯೋಚಿಸಿ,
ದಾಟಿತು. 'ಲೇಟೆಸ್ಟ್' ಎಂಬ ಚೀಟಿ ಅಂಟಿಸಿ
ಐಸಿನ ಸದ್ದಿನಲ್ಲೇ ನಿದ್ದೆ ಹೋದೆ.

ಮೂರೂವರೆಗೆ ಫೋನು. ತದಡಿಯಿಂದ ಗಣಪು ಹರಿಕಂತ್ರ.
"ಬಾಯೀ, ನಿಮ್ಮ ಪೆಟ್ಟಿಗೆ ಬಂತು. ಬಾಯೇ ಬಿಡ್ತಿಲ್ಲ.
ಫಲಕ ಕಪ್ಪು. ಅಳಿವೇಲಿ ನೀರೆಷ್ಟು?"

ಅವರ ಸಂಘದ ಕಪಾಟಿನಲ್ಲಿ, ರಶೀದಿ ಪುಸ್ತಕದ ಪಕ್ಕ,
ಅಂಗೈಯಗಲದ ಒಂದು ಯಂತ್ರ ಕೂತಿದೆ.
ಅದರ ಚಿಪ್ಪಿನ ಜಾತಿಯೇ ಬೇರೆ.
ದೊಡ್ಡವಕ್ಕೆ ಮಾತ್ರ ಕಟ್ಟಿದ್ದೆ ನಾನು.
ಚೀಟಿ ಮಾತ್ರ ಎಲ್ಲರಿಗೂ ಒಂದೇ ಹೇಳುತ್ತಿತ್ತು.

ಕಾರವಾರದ ಮಾರ್ಕೆಟ್ಟಿನಲ್ಲಿ ಯಾರು ತಾನೇ ಕೂಗುವುದಿಲ್ಲ, ತಾಜಾ ಎಂದು?
ಮಾವಶಿ ಕೊಳ್ಳುವಾಗ ಕಿವಿ ಕೊಡುವುದಿಲ್ಲ,
ಕಿವಿರು ಬಿಡಿಸಿ ನೋಡುತ್ತಾಳೆ.
ನಮ್ಮ ಮೀನಿಗೂ ಕಿವಿರಿದೆ, ಅರವತ್ತನಾಲ್ಕು ಅಕ್ಷರದ್ದು,
ಒಳಗೊಂದು ಚುಕ್ಕಿ ಅಲುಗಿದರೆ ಪೂರಾ ಬಣ್ಣ ಬದಲು.
ಬಿಡಿಸಿ ನೋಡುವವರು ಕಡಿಮೆ.
ನಾನೂ ನೋಡಿರಲಿಲ್ಲ.

ಒಂದು ಗಳಿಗೆ ಅನಿಸಿತು: ಅದೇ ಹೆಸರಿನಡಿ
ಹೊಸದನ್ನು ತುರುಕಿಬಿಡಲೇ, ಯಾರಿಗೆ ಗೊತ್ತಾದೀತು?
ಚಿಲಿಯ ಜೊತೆಗಾರ ದೂರದಲ್ಲಿ, ಕೊಚ್ಚಿಯವಳು ನಿದ್ದೆಯಲ್ಲಿ.
ಆದರೆ ನಲವತ್ತೊಂದು ಜನ ಆಗಲೇ ಒಯ್ದಾಗಿದೆ.
ನಲವತ್ತೊಂದು ಮನೆಯಲ್ಲಿ ಒಂದೇ ಹೆಸರು, ಎರಡು ಮೀನು.
ಬೇಡ. ಎರಡು ಬಿಂದು ನಾಲ್ಕು ಬಿಂದು ಒಂದು.
ಟಿಪ್ಪಣಿಯ ಮೊದಲ ಸಾಲು: ತಪ್ಪು ನನ್ನದು.

ಚಿಕ್ಕದಕ್ಕೆ ಕಟ್ಟಲು ದೊಡ್ಡ ಯಂತ್ರ ಚಿಕ್ಕದರ ವೇಷ ಹಾಕಬೇಕು,
ವೇಷ ಹಾಕಿದ್ದು ನಿಧಾನ ಕುಣಿಯುತ್ತದೆ.
ಅರ್ಧ ಕುಣಿತಕ್ಕೆ ಕರೆಂಟು ಹೋಯಿತು.
ಜನರೇಟರ್ ಇರುವುದು ಐಸಿಗೆ.
ಆಪರೇಟರ್ ಫಾವುಸ್ತಿನ್ ನನ್ನ ಮುಖಕ್ಕೆ ಟಾರ್ಚು ಬಿಟ್ಟು
ಒಂದು ಪ್ಲಗ್ಗು ಬಿಟ್ಟುಕೊಟ್ಟ:
"ಐಸು ಕರಗಿದ್ರೆ ನಿಮ್ಮ ಖಾತೆಗೆ."

ಐದೂ ಐವತ್ತು. ಸೈರನ್ನಿನಂತೆ ಕೂಗಿ ಮೊದಲ ಬೋಟು
ಧಕ್ಕೆ ಬಿಟ್ಟಿತು. ತದಡಿಗೆ ನಾನೇ ಫೋನು ಮಾಡಿದೆ.

"ಬಂತು ಬಾಯಿ, ಫಲಕ ಹತ್ಕೊಂಡ್ತು.
ನಮ್ಮವರು ಆಗ್ಲೇ ಹೋದ್ರು, ಕಲ್ಲಿನ ಗೀರು ನೋಡಿ.
ನಿಮ್ಮ ನೀರು ಸರಿ ಉಂಟು.
ತಳ ಮೇಲೆ ಬಂದಿದೆ, ಮಳೆಗೆ ಹೂಳು ತುಂಬಿ.
ನಾಲ್ಕು ಬೆರಳು. ಅದನ್ನೂ ಹಾಕ್ರಲ್ಲ?"

ಐಸಿನ ಲೆಕ್ಕದ ಪುಸ್ತಕದಲ್ಲೇ ಬರೆದುಕೊಂಡೆ,
ಮುನ್ನೂರು ಬ್ಲಾಕಿನ ಕೆಳಗೆ:
ತದಡಿ, ನಾಲ್ಕು ಬೆರಳು.
ಬೆರಳು ಎಂದರೆ ಯಾರ ಬೆರಳು, ಕೇಳಬೇಕು.