ಪೊರಕೆ

ನನ್ನ ಹೆಸರು ಖೊತ್ಸೊ. ಇವತ್ತು ಮಾತ್ರ ಪೊರಕೆ.
ಮಲೂಟಿ ಬೆಟ್ಟದ ತೊಂಬತ್ತು ಕಿಲೋಮೀಟರು ಸೈಕಲ್ ಪಂದ್ಯದಲ್ಲಿ
ಎಲ್ಲರ ಹಿಂದೆ ಹೊರಡುವವನು,
ಮುಳ್ಳುಕಂಟಿಗೆ ಕಟ್ಟಿದ ಕೆಂಪು ಪಟ್ಟಿ ಬಿಚ್ಚುತ್ತ,
ಮುಂದಿನವರು ಹೀರಿ ಎಸೆದ ಸಿಹಿ ಅಂಟಿನ ಚೀಟು ಹೆಕ್ಕುತ್ತ,
ಕೊನೆಯವರ ಬೆನ್ನಿಗೆ ನೆರಳಾಗಿ,
ನೆರಳು ಮೈಮೇಲೆ ಬೀಳದಷ್ಟು ದೂರದಲ್ಲಿ.

ಕೊನೆಯವರೆಂದರೆ ಲಿಖಾಬಿಸೊ.
ನಂಬರು ಎಂಬತ್ತೇಳು, ವಯಸ್ಸು ಐವತ್ತೊಂದು,
ಮೇಲಿನ ಕಣಿವೆಯ ಆಸ್ಪತ್ರೆಯ ನರ್ಸಮ್ಮ.
ಸೈಕಲ್ಲು ಎರವಲು; ಸೀಟು ಒಂದಿಂಚು ಎತ್ತರ.

ಇಲ್ಲಿ ದಾರಿ ಎಂದರೆ ಕುದುರೆ ಬಿಟ್ಟುಕೊಟ್ಟ ಜಾಗ.
ಕಪ್ಪು ಕಲ್ಲು. ಕಲ್ಲಿನ ಮೇಲೆ ಕಲ್ಲು.
ನಂಬಿದರೆ ಉರುಳುವ ಕಲ್ಲು,
ಉರುಳೀತೆಂದು ಬಳಸಿ ಹೋದರೆ
ಹಲ್ಲಿನಂತೆ ನೆಟ್ಟು ನಿಂತು ನಗುವ ಕಲ್ಲು.
ಅವಳು ಇಳಿಯುವುದನ್ನು ನೋಡಬೇಕು:
ಸೊಂಟ ಹಿಂದಕ್ಕೆ, ಮೊಣಕೈ ಅಗಲ,
ಬ್ರೇಕಿನ ಮೇಲೆ ಎರಡೇ ಬೆರಳು,
ಒಂದೊಂದು ಕಲ್ಲಿಗೂ ಹೆಸರಿಟ್ಟು ಬಯ್ಯುತ್ತ ಬರುತ್ತಾಳೆ
ತಡವಾಗಿ ಎದ್ದ ಸೊಸೆಯರನ್ನು ಬಯ್ದ ಹಾಗೆ.

ಐವತ್ತನೆಯ ಕಿಲೋಮೀಟರಿಗೆ ಹಿಂದಿನ ಟ್ಯೂಬು ಸತ್ತಿತು.
ತೇಪೆ ನನ್ನಲ್ಲಿತ್ತು. ಕೊಡುವಂತಿಲ್ಲ, ನಿಯಮ.
ಅವಳು ನನ್ನ ಮುಖ ನೋಡಲಿಲ್ಲ, ಗುಡ್ಡ ನೋಡಿದಳು.
ಒಣಹುಲ್ಲು ಕಿತ್ತು ಹಿಡಿ ಹಿಡಿಯಾಗಿ
ಟೈರಿನೊಳಗೆ ತುರುಕಿದಳು,
ದಿಂಬಿಗೆ ಹತ್ತಿ ತುಂಬುವ ಹಾಗೆ.
ಆಮೇಲೆ ಸೈಕಲ್ಲು ಮೇದು ಬಂದ ಹಸುವಾಗಿ
ಹೊಟ್ಟೆ ತೂಗುತ್ತ ಹೊರಟಿತು.

ಕಂಬಳಿ ಹೊದ್ದ ಕುರಿಹುಡುಗರು
ಗಮ್‌ಬೂಟಿನಲ್ಲಿ ಪಕ್ಕಕ್ಕೇ ಓಡಿದರು,
ಓಡಿ ಗೆದ್ದರು,
ಕಾದು ನಿಂತು ಮತ್ತೆ ಸೋತುಕೊಟ್ಟರು.

ಬಿಳಿ ಬಾವುಟದ ಮನೆ. ಜೋಳದ ಹೆಂಡ ಹದವಾಗಿದೆಯೆಂದು ಅದರರ್ಥ.
ಮುಂದೆ ಹೋದವರು ಯಾರೂ ನಿಂತಿರಲಾರರು.
ಅವಳು ನಿಂತಳು.
ಬೇಯಿಸಿದ ಆಲೂಗಡ್ಡೆ, ಉಪ್ಪು, ಎರಡು ಗುಟುಕು ಹೆಂಡ.
ಅಂಗಳದ ಮುದುಕನ ಕಾಲಿನ ಬಟ್ಟೆ ಬಿಚ್ಚಿ
ಹುಣ್ಣು ಮೂಸಿ ನೋಡಿ,
ಮಂಗಳವಾರ ಬಾ, ಕುಡಿಯದೆ ಬಾ, ಎಂದಳು.

ಹೊಳೆ ದಾಟುವಲ್ಲಿ ಗಡುವು ನಾಲ್ಕು ಗಂಟೆ.
ನಾವು ಮುಟ್ಟಿದಾಗ ನಾಲ್ಕು ಹನ್ನೊಂದು.
ಆ ಹನ್ನೊಂದು ನಿಮಿಷ ಎಲ್ಲಿ ಹೋದವೆಂದು
ಇಬ್ಬರಿಗೂ ಗೊತ್ತು.
ಬೆಳಗಿನಿಂದ ಬಾಯಿಪಾಠ ಮಾಡಿದ್ದ ಮಾತು
ನನ್ನ ನಾಲಿಗೆಗೆ ಬರಲೊಲ್ಲದು.
ಅವಳೇ ಕತ್ತರಿ ಕೇಳಿದಳು,
ನಂಬರು ಕತ್ತರಿಸಿ ಕೈಗಿತ್ತಳು.
ಲಾರಿ ಅಲ್ಲಿದೆ, ಎಂದೆ.

ನನ್ನ ಮನೆ ಅಲ್ಲಿದೆ, ಎಂದಳು,
ಗದ್ದ ಎತ್ತಿ, ಕೊನೆಯ ಏರಿನ ಕಡೆಗೆ.
ಲಸಿಕೆಯ ಪೆಟ್ಟಿಗೆ ಹೊತ್ತು ಹನ್ನೆರಡು ವರ್ಷ
ತುಳಿದ ದಾರಿ.
ನಿನ್ನ ಪಟ್ಟಿ ನೀನು ಬಿಚ್ಚಿಕೊ.

ಸೈಕಲ್ಲು ಹೆಗಲೇರಿತು.
ನೀರು ತೊಡೆಯವರೆಗೆ; ಅದನ್ನೂ ಬಯ್ದಳು.
ಕತ್ತಲು ಬಿದ್ದ ಮೇಲೆ ಕೆಂಪು ಪಟ್ಟಿ ನನಗೇ ಕಾಣಲಿಲ್ಲ.
ಮುಂದೆಲ್ಲೋ ಹುಲ್ಲು ನುರಿಯುವ ಸದ್ದು, ಒಂದು ಬೈಗುಳ,
ಮತ್ತೆ ಹುಲ್ಲು ನುರಿಯುವ ಸದ್ದು.
ತಡಕಾಡಿ, ಅದರ ಬೆನ್ನು ಹಿಡಿದೇ
ಒಂದೊಂದಾಗಿ ಬಿಚ್ಚಿದೆ.

ರಾತ್ರಿ ವರದಿ ಬರೆಯಲು ಕೂತೆ.
ಕಟ್ಟಿದ ಪಟ್ಟಿ: ನಾನೂರ ಹತ್ತು.
ಬಿಚ್ಚಿದ್ದು: ನಾನೂರ ಒಂಬತ್ತು.
ಒಂದು, ಒಬ್ಬ ಹುಡುಗನ ನಾಯಿಯ ಕೊರಳಲ್ಲಿದೆ,
ಅದಕ್ಕೆ ಒಪ್ಪುತ್ತದೆ.
ಗುಡಿಸಿ ತಂದ ಸವಾರರು:
ಪೆನ್ನು ನಿಂತಿತು.
ಎಂಬತ್ತೇಳು ನನ್ನ ಚೀಲದಲ್ಲಿದೆ,
ಮಡಿಸಿದ್ದು, ಒದ್ದೆ, ಹುಲ್ಲಿನ ವಾಸನೆ.

ಸೊನ್ನೆ, ಎಂದು ಬರೆದೆ.